ಡಬ್ಬದ ಬಣ್ಣ ಬಳಿದ ಕತ್ತೆ

ನನ್ನ ಅಕ್ಕನಿಗೆ ಕೆಲಸದವರು ಇಟ್ಟ ಹೆಸರು ‘ಐದು ಸಲ’. ಹಳೆಯ ಕಟ್ಟಡಕ್ಕೆ ಸುಣ್ಣ ಬಳಿಯುವುದೆಂದರೆ ಅವಳಿಗೆ ಐದು ಸಲ, ದಿನಕ್ಕೆ ಒಂದೇ ಸಲ, ಅದೂ ಹಾಲಿನಷ್ಟು ತೆಳ್ಳಗೆ. ಮೊದಲ ದಿನ ಬಳಿದದ್ದು ಕಣ್ಣಿಗೇ ಕಾಣುವುದಿಲ್ಲ. “ಇಷ್ಟೇನಾ?” ಎಂದು ಯಾರಾದರೂ ಕೇಳಿದರೆ ಅವತ್ತು ಅವರ ಗ್ರಹಚಾರ ನೆಟ್ಟಗಿಲ್ಲ. ಗಾರೆ ಕೆಲಸದ ಮಾವನ ಮನೆಗೆ ಸೊಸೆಯಾಗಿ ಹೋದವಳು, ಅಲ್ಲಿ ಅಡುಗೆಗಿಂತ ಮೊದಲು ಸುಣ್ಣ ಸೋಸುವುದನ್ನು ಕಲಿತಳು. ಅಡುಗೆ ಇಂದಿಗೂ ಅಷ್ಟಕ್ಕಷ್ಟೇ.

ಈ ಸಲ ನಮಗೆ ಸಿಕ್ಕಿದ್ದು ನೂರೈವತ್ತು ವರ್ಷದ ಗ್ರಂಥಾಲಯ. ಅದರ ಗಾರೆ ಗೋಡೆಗೆ ಹಿಂದೆ ಪ್ಲಾಸ್ಟಿಕ್ ಪೇಂಟ್ ಬಳಿದಿದ್ದರು. ಒಳಗಿನ ತೇವ ಹೊರಬರಲಾರದೆ ಪೇಂಟು ಗುಳ್ಳೆಯೆದ್ದಿತ್ತು; ಕೆರೆದರೆ ಗಾರೆಯೂ ಜೊತೆಗೇ ಉದುರುತ್ತಿತ್ತು. ಯಂತ್ರ ಹಾಕಿದರೆ ಗೋಡೆಗೆ ಪೆಟ್ಟು ಎಂದು ಅಕ್ಕ ಒಂದು ತಿಂಗಳು ಕೈಯಲ್ಲೇ ಕೆರೆಸಿದಳು. ಅಷ್ಟು ದಿನವೂ ಒಂದೇ ರಾಗ.

“ಯಾವ ಕತ್ತೆ ಬಳೀತೋ ಇದನ್ನ! ಗೋಡೆ ಉಸಿರುಕಟ್ಟಿ ಸಾಯ್ತಾ ಇದೆ!”

ಆ ಕತ್ತೆ ನಾನೇ. ಹದಿನೆಂಟು ವರ್ಷದ ಹಿಂದೆ ಅಕ್ಕ ಬಾಣಂತಿಯಾಗಿ ಮನೆಯಲ್ಲಿದ್ದಳು. ಭಾವ ಡಬ್ಬಗಳನ್ನು ಇಳಿಸಿ “ಬಳಿ” ಎಂದರು, ಬಳಿದೆ. ಯಾವ ಕಟ್ಟಡಕ್ಕೆ ಏನು ಬಳಿದೆವೆಂದು ಅವಳಿಗೆ ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ. ಭಾವ ಈಗಿಲ್ಲ, ಸತ್ತವರ ತಲೆಗೆ ಕಟ್ಟಲು ಮನಸ್ಸು ಬರಲಿಲ್ಲ. ಒಪ್ಪಿಕೊಳ್ಳೋಣವೆಂದರೆ, “ಆ ಕತ್ತೆ ಸಿಕ್ಕರೆ ಜನ್ಮದಲ್ಲಿ ಬ್ರಷ್ ಮುಟ್ಟಿಸಲ್ಲ” ಎಂದು ಅವಳು ದಿನಕ್ಕೆ ನಾಲ್ಕು ಬಾರಿ ಗುಡುಗುತ್ತಿದ್ದಳು. ನನಗೆ ಬೇರೆ ಕೆಲಸವೂ ಬರುವುದಿಲ್ಲ. ಬೈಗುಳ ನುಂಗಿಕೊಂಡು ಕೆರೆದೆ, ಕಿತ್ತ ಕಡೆ ಗಾರೆ ತುಂಬಿದೆ.

ಸುಣ್ಣ ಶುರು ಮಾಡುವ ದಿನ, ಒಣ ಗೋಡೆಗೆ ಸುಣ್ಣ ಹಿಡಿಯದೆಂದು ನೀರು ಹೊಡೆಯುತ್ತಿದ್ದಾಗ, ಕೆಲಸ ಕೊಟ್ಟ ಇಲಾಖೆಯ ಅಧಿಕಾರಿ ಬಂದರು.

“ಈ ಹಾಳು ಕೆಲಸ ಯಾರು ಮಾಡಿದ್ದು ಅಂತ ವರದೀಲಿ ಬರೀಬೇಕು. ಅವರಿಗೆ ಇನ್ಮೇಲೆ ಹಳೇ ಕಟ್ಟಡ ಕೊಡಲ್ಲ. ನಿಮಗೇನಾದ್ರೂ ಗೊತ್ತಾ?”

ಸಾಕಾಗಿತ್ತು ನನಗೆ. ಏಣಿ ಇಳಿದೆ. “ಸಾರ್, ಅದು...”

“ನೀನು ಸುಮ್ಮನಿರು,” ಎಂದಳು ಅಕ್ಕ. “ನನ್ನ ಹೆಸರು ಬರ್ಕೊಳ್ಳಿ ಸಾರ್. ಹತ್ತು ವರ್ಷ ಗ್ಯಾರಂಟಿ ಅಂತ ಡಬ್ಬದ ಮೇಲಿತ್ತು. ನಂಬಿಬಿಟ್ಟೆ. ಮಗೂನ ಮಡಿಲಲ್ಲಿಟ್ಕೊಂಡೇ ಯಜಮಾನ್ರಿಗೆ ಹೇಳಿ ತರಿಸಿದೆ. ಇವನು ಬಳಿದ, ಅಷ್ಟೇ.”

ಅಧಿಕಾರಿಯ ಪೆನ್ನು ನಿಂತಿತು. “ಬರೆದ್ರೆ ನಿಮಗೆ ಮುಂದಿನ ಕೆಲಸ...”

“ಸಿಗಲ್ಲ, ಗೊತ್ತು. ಇದನ್ನ ಮುಗಿಸೋಕೆ ಬಿಡಿ, ಸಾಕು.”

ಅವರು ಬರೆದುಕೊಂಡು ಹೋದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ಅಲ್ಲಕ್ಕಾ, ತಿಂಗಳಿಡೀ ಬೈದೆಯಲ್ಲ?”

“ನನಗೆ ನಾನು ಬೈಕೊಂಡೆ. ನಿನಗ್ಯಾಕೆ ಉರಿ?” ಎಂದಳು. “ಗೋಡೆ ಒಣಗ್ತಾ ಇದೆ, ನೀರು ಹೊಡಿ.”