ಎಂಟು ಹೆಸರಿನ ಪಟ್ಟಿ

ದಾವಣಗೆರೆ, ಹರಿಹರದ ಕಡೆ ಮದುವೆ, ಗೃಹಪ್ರವೇಶಗಳ ಅಡುಗೆ ಒಪ್ಪಿಕೊಳ್ಳುವುದು ನನ್ನ ಕೆಲಸ. ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲರೂ ಒಂದಲ್ಲ ಒಂದು ಸಲ ನನಗೆ ಕೈಕೊಟ್ಟಿದ್ದಾರೆ. ಕೈಕೊಡದವರೆಂದರೆ ಸಾರಥಿ ಎಂಬ ಹಳ್ಳಿಯಿಂದ ಬರುವ ರೊಟ್ಟಿಯ ಹೆಂಗಸರು ಮಾತ್ರ. ಹಬ್ಬವಿರಲಿ, ಭತ್ತದ ನಾಟಿ ಇರಲಿ, ಬೆಳಿಗ್ಗೆ ಆರಕ್ಕೆ ಕ್ರೂಸರ್ ಜೀಪಿನಿಂದ ಎಂಟು ಜನ ಇಳಿಯುತ್ತಿದ್ದರು. ಏಳೂ ಅಲ್ಲ, ಒಂಬತ್ತೂ ಅಲ್ಲ. ಅಲ್ಲಾ, ಇವರಿಗೆ ನೆಗಡಿಯೂ ಬರುವುದಿಲ್ಲವಾ? ಮನೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲವಾ? ನನಗೆ ತಲೆ ತಿನ್ನುವಷ್ಟು ಕುತೂಹಲ. ಗುಂಪಿನ ಹಿರಿಯಳನ್ನು ಕೇಳಿದರೆ, "ನಮ್ಮ ಮಂದಿ ಹಂಗ ರೀ, ಅಕ್ಕಾರ" ಎಂದು ನಕ್ಕು ಹಿಟ್ಟಿನ ಕಡೆ ತಿರುಗುತ್ತಿದ್ದಳು.

ಪರಿಚಯದ ವಕೀಲರೊಬ್ಬರು ಒಮ್ಮೆ ನನ್ನನ್ನು ಕೂರಿಸಿಕೊಂಡು ಚೆನ್ನಾಗಿ ಬೈದರು. "ಬೆಂಕಿ ಮುಂದೆ ಜನರನ್ನ ಕೂರಿಸ್ತೀರಿ, ಯಾರು ಬಂದಿದ್ರು ಅಂತ ಒಂದು ಕಾಗದ ಇಲ್ಲ. ನಾಳೆ ಏನಾದ್ರೂ ಆದ್ರೆ?" ಹೆದರಿಕೆಯಾಯಿತು. ಹಾಜರಿ ಪುಸ್ತಕ ತಂದೆ. ಎಂಟು ಜನರ ಆಧಾರ್ ಜೆರಾಕ್ಸ್ ತರಿಸಿಕೊಂಡೆ, ಎಂಟು ಜನರ ಹೆಸರಲ್ಲಿ ಅಪಘಾತ ವಿಮೆ ಮಾಡಿಸಿದೆ. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ನನಗೆ ಬಾಯಿ ಜಾಸ್ತಿ. ಎಲ್ಲರನ್ನೂ ನಿಲ್ಲಿಸಿ ಭಾಷಣ ಬಿಗಿದೆ.

"ಪಟ್ಟಿಯೊಳಗೆ ಹೆಸರಿಲ್ದೋರು ಒಲೆ ಹತ್ರ ಬರಂಗಿಲ್ಲ. ತಪ್ಪಿಸಿದೋರ ಹೆಸರು ಹೊಡೆದು ಹಾಕ್ತೀನಿ ನೋಡ್ರಿ!"

ಎಂಟೂ ತಲೆಗಳು ಅಲ್ಲಾಡಿದವು. ಕಾನೂನು ಪಾಲಿಸಿದೆನೆಂದು ನಾನು ಬೀಗುತ್ತಾ ಮನೆಗೆ ಹೋದೆ.

ಎರಡು ತಿಂಗಳ ನಂತರ ಹರಿಹರದ ಕಲ್ಯಾಣ ಮಂಟಪವೊಂದರಲ್ಲಿ ಮದುವೆ. ಬೆಳಿಗ್ಗೆ ಎಂಟರ ಹೊತ್ತಿಗೆ ಹಿಟ್ಟಿಗೆ ಕುದಿಯುವ ಎಸರು ಹೊಯ್ಯುತ್ತಿದ್ದವಳ ಕೈಯಿಂದ ಪಾತ್ರೆ ಜಾರಿತು. ಬಲಗೈ ಮಣಿಕಟ್ಟಿನಿಂದ ಮೊಳಕೈವರೆಗೆ ಸುಟ್ಟಿತು. ನಲ್ಲಿಯ ಕೆಳಗೆ ಕೈ ಹಿಡಿಸಿ, ಆಮೇಲೆ ಅವಳನ್ನೂ ಹಿರಿಯಳನ್ನೂ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ದಾರಿಯುದ್ದಕ್ಕೂ ಆಕೆ ಹಲ್ಲು ಕಚ್ಚಿಕೊಂಡು ಕೂತಿದ್ದಳೇ ಹೊರತು ಒಂದು ಹನಿ ಕಣ್ಣೀರಿಲ್ಲ. ಎಂಥ ಗಟ್ಟಿಗಿತ್ತಿ ಅಂದುಕೊಂಡೆ.

ನರ್ಸ್ ಹೆಸರು ಕೇಳಿದಳು. ಪಟ್ಟಿಯಲ್ಲಿದ್ದ ಹೆಸರೊಂದನ್ನು ಆಕೆ ಹೇಳಿದಳು. ವಯಸ್ಸು ಕೇಳಿದಾಗ, "ಇಪ್ಪತ್ತಾರು ರೀ" ಅಂದಳು. ನರ್ಸ್ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಕೈ ಸುಟ್ಟುಕೊಂಡವಳ ಮುಖ ನೋಡಿದೆ. ಬೈತಲೆಯ ಎರಡೂ ಕಡೆ ಕೂದಲು ನೆರೆತಿತ್ತು. ನಲವತ್ತೈದಕ್ಕೆ ಒಂದು ದಿನವೂ ಕಡಿಮೆಯಿಲ್ಲ. ಬೆಳಿಗ್ಗೆ ಹಾಜರಿ ಕೂಗಿದಾಗ "ಅದೀನ್ರಿ" ಎಂದವಳು ಇವಳೇ. ನಾನು ಪುಸ್ತಕ ನೋಡಿದ್ದೆ, ಮುಖ ನೋಡಿರಲಿಲ್ಲ. ನಾಚಿಕೆಯಾಯಿತು.

"ಯಾರೀಕೆ?" ಎಂದು ಹಿರಿಯಳನ್ನು ಗದರಿದೆ.

ಅವಳು ನೆಲ ನೋಡುತ್ತಾ ಬಾಯಿಬಿಟ್ಟಳು. "ಮುಯ್ಯಿ ರೀ ಅಕ್ಕಾರ. ಪಟ್ಟಿಯಾಗಿರೋ ಹುಡುಗಿ ಹೋದ ವರ್ಷ ಇವಳ ಗದ್ದೆ ನಾಟಿಗೆ ಹೋಗಿದ್ಲು. ಈಗ ಆಕಿ ಬಾಣಂತಿ, ಕೂಸಿಗೆ ಇನ್ನೂ ತಿಂಗಳಾಗಿಲ್ಲ. ಅದಕ್ಕ ಇವಳು ಬಂದಾಳ. ಮೊದ್ಲಿಂದನೂ ನಮ್ಮದು ಹಿಂಗ ಐತ್ರಿ. ಒಬ್ಬಾಕಿಗೆ ಆಗದಿದ್ರ ಇನ್ನೊಬ್ಬಾಕಿ."

ಅಯ್ಯೋ ದೇವರೇ! ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದ ಎಂಟರ ಲೆಕ್ಕ ಇದು. ಊರಿನಲ್ಲಿ ಎಂಟಲ್ಲ, ಇಪ್ಪತ್ತು ಜನರೇ ಇದ್ದರೋ ಏನೋ. ಹೆರಿಗೆ ರಜೆ, ಜ್ವರದ ರಜೆ ಎಲ್ಲವನ್ನೂ ತಮ್ಮ ತಮ್ಮಲ್ಲೇ ಕೊಟ್ಟುಕೊಳ್ಳುತ್ತಿದ್ದರು. ನಾನು ಹಾಕಿದ ನಿಯಮಕ್ಕೆ ಮುಯ್ಯಿ ನಿಲ್ಲಲಿಲ್ಲ, ಕದ್ದು ನಡೆಯತೊಡಗಿತು ಅಷ್ಟೇ. ವಿಮೆಯಿಲ್ಲದ ಹೆಂಗಸನ್ನು ಕುದಿಯುವ ನೀರಿನ ಮುಂದೆ ಕೂರಿಸಿದ್ದು ನಾನೇ. ಸಿಟ್ಟು ಯಾರ ಮೇಲೆ ತೋರಿಸಲಿ?

"ಔಷಧಿಯದು ನಾನು ನೋಡ್ಕೋತೀನಿ. ನೀನು ನಿನ್ನ ಹೆಸರು ಹೇಳಿಬಿಡು" ಎಂದೆ.

ಆಕೆ ತಲೆಯಾಡಿಸಿದಳು. "ಬ್ಯಾಡ್ರಿ. ನನ್ನ ಹೆಸರು ಹೇಳಿದ್ರ ಆಕಿ ಬಂದಿಲ್ಲ ಅಂತ ಆಗತೈತಿ. ಹೊಡೆದು ಹಾಕ್ತೀನಿ ಅಂದಿದ್ರಲ್ಲ ನೀವು?"

ಕೈಯ ಚರ್ಮ ಬೊಬ್ಬೆ ಎದ್ದಿತ್ತು, ಈಕೆಗೆ ಬಾಣಂತಿಯ ಕೆಲಸದ ಚಿಂತೆ.

"ಆಕೆ ಹೆಸರು ಹೊಡೆಯಂಗಿಲ್ಲ. ಕೂಸು ದೊಡ್ಡದಾದ ಮೇಲೆ ಬರ್ಲಿ, ಅಲ್ಲಿವರೆಗೂ ಆ ಜಾಗ ಆಕೆದೇ. ಆಕೆ ಬಂದ ಮೇಲೂ ನೀನು ಬಾ, ನಿನ್ನ ಹೆಸರೂ ಪಟ್ಟಿಗೆ ಸೇರಿಸ್ತೀನಿ."

ನಂಬಬಹುದೋ ಬೇಡವೋ ಎಂದು ಆಕೆ ಹಿರಿಯಳ ಕಡೆ ತಿರುಗಿದಳು. ಹಿರಿಯಳು ಹೂಂ ಎಂದಳು.

"ಸರಿಯಾಗಿ ಹೇಳಮ್ಮ, ಹೆಸರೇನು?" ನರ್ಸ್ ಮತ್ತೆ ಕೇಳಿದಳು.

ಆಕೆ ತನ್ನ ಹೆಸರು ಹೇಳಿದಳು. ಆಮೇಲೆ ನೋವಾಗುತ್ತಿದೆಯೆಂದು ಅಳತೊಡಗಿದಳು.