ಹುಣಸೆಹಣ್ಣಿನಲ್ಲಿ ಮಿಂದ ದೇವಿ

ಹಸಿದವನ ಕುಲಗೋತ್ರಗಳನ್ನು ವಿಚಾರಿಸದವರು. ಬಡಿಸಿದ್ದನ್ನು ಮತ್ತೆ ನೆನೆಯದವರು. ದೇವರ ಮುಂದೆ ದೀಪವನ್ನೂ ನೆರೆಯವರ ಮುಂದೆ ನಗೆಯನ್ನೂ ಆರಗೊಡದವರು. ನಂಬಿ ಒಪ್ಪಿಸಿದ ಒಡವೆಯನ್ನು ಸ್ವಂತ ಶಿಶುವಿನಂತೆ ಕಾಯುವವರು. ಕುವೈತಿನ ಮಂಗಫ್ ಊರಿನ ಆ ಕಟ್ಟಡದಲ್ಲಿ ಅವರ ಕೈಯ ಅನ್ನ ಉಂಡ ನಮಗೆಲ್ಲ ಅವರು ಸುಗಂಧಿಯಕ್ಕ.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತನ್ನು ಹೊಕ್ಕಾಗ ನಮ್ಮ ಕರಾವಳಿಯವರು ಗುಂಪುಗುಂಪಾಗಿ ಊರಿಗೆ ಹೊರಟರು. ಅಕ್ಕನೂ ಪತಿ ರೋಹಿದಾಸರೂ ಮಾತ್ರ, ಹೊರಡಲಾಗದೆ ಉಳಿದ ನಮಗೆ ಗಂಜಿ ಬೇಯಿಸುತ್ತ ಅಲ್ಲಿಯೇ ನಿಂತರು. ಪಕ್ಕದ ಫಹಾಹೀಲಿನಲ್ಲಿ ಗಡಿಯಾರದಂಗಡಿ ಇಟ್ಟಿದ್ದ ಉಳ್ಳಾಲದ ಕಾಸಿಂ ಕುಂಞಿ ಬ್ಯಾರಿಗಳು ಹೊರಡುವ ಮುನ್ನ ಅಕ್ಕನ ಕೈಗೆ ಒಂದು ಗಂಟನ್ನಿತ್ತರು. ಒಳಗಿದ್ದವು ಅವರ ತಂದೆ ಬಿಟ್ಟುಹೋದ ಪ್ರಾಚೀನ ರೋಮಿನ ಬೆಳ್ಳಿಯ ನಾಣ್ಯಗಳು, ಕಾಲದಿಂದ ಕಪ್ಪಿಟ್ಟವು. ಒಂದು ಮುಖದಲ್ಲಿ ಎಲೆಯ ಕಿರೀಟದ ಅರಸ. ಇನ್ನೊಂದರಲ್ಲಿ ಕೈಯಲ್ಲಿ ತೆನೆಯನ್ನೂ ತೋಳಿನಲ್ಲಿ ಹಣ್ಣು ತುಂಬಿದ ಕೊಂಬನ್ನೂ ಹಿಡಿದು ನಿಂತ ಸ್ತ್ರೀ.

"ಉಪ್ಪ ತೀರಿಕೊಳ್ಳುವಾಗ ಕೊಟ್ಟದ್ದು ಅಕ್ಕಾ. ದಾರಿಯಲ್ಲಿ ಚೆಕ್ಕಿಂಗ್ ಉಂಟಂತೆ. ಇದು ಹೋದರೆ ಉಪ್ಪ ಇನ್ನೊಮ್ಮೆ ಹೋದ ಹಾಗೆ."

"ನಾನಿರುವಾಗ ಎಂತ ಹೆದರಿಕೆ ಬ್ಯಾರಿಗಳೇ? ಹೋಗಿ ಬನ್ನಿ."

ದೀಪಾವಳಿ ಬಂತು. ತೆನೆ ಹಿಡಿದವಳು ಧಾನ್ಯಲಕ್ಷ್ಮಿಯಲ್ಲದೆ ಮತ್ತಾರೆಂದು ಬಗೆದ ಅಕ್ಕ, ಪೂಜೆಯ ಪಾತ್ರೆಗಳೊಡನೆ ನಾಣ್ಯಗಳನ್ನೂ ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ದೇವರ ಹಲಗೆಯ ಮೇಲಿರಿಸಿದರು. ಶತಮಾನಗಳ ಕಪ್ಪು ನೀರಿನೊಡನೆ ಹರಿದುಹೋಯಿತು.

ರೋಹಿದಾಸರು ಹಣೆ ಚಚ್ಚಿಕೊಂಡರು. "ಆ ಕಪ್ಪೇ ಅದರ ಪ್ರಾಯ ಮಾರಾಯ್ತಿ! ಬ್ಯಾರಿಗೆ ಯಾವ ಮುಖ ತೋರಿಸುವುದು ಇನ್ನು?"

ಅಂದು ಅಕ್ಕ ಉಣ್ಣಲಿಲ್ಲ.

ಹಬ್ಬ ಕಳೆದ ಮೇಲೆ ಸೈನಿಕರು ಮನೆ ಶೋಧಿಸಲು ಬಂದರು. ಒಬ್ಬ ಹಿತ್ತಾಳೆಯ ದೀಪವನ್ನು ಚೀಲಕ್ಕಿಳಿಸಿ, ನಾಣ್ಯವೊಂದನ್ನೆತ್ತಿ ಬೆಳಕಿಗೆ ಹಿಡಿದ. "ಜದೀದ್!" ಹೊಸದೆಂದು ನಕ್ಕು, ಆಟಿಕೆಯಂತೆ ಅದನ್ನು ಹಲಗೆಗೇ ಎಸೆದು ಹೋದ.

ಯುದ್ಧ ಮುಗಿದು, ೯೧ರಲ್ಲಿ ಬ್ಯಾರಿಗಳು ಮರಳಿದರು. ಥಳಥಳಿಸುವ ನಾಣ್ಯಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿದರು. ಅಕ್ಕ ಅಳುತ್ತ ನಡೆದುದೆಲ್ಲವನ್ನೂ ಹೇಳಿದರು.

"ಉಪ್ಪನ ಗಡ್ಡ ಬೋಳಿಸಿಬಿಟ್ಟಿರಲ್ಲ ಅಕ್ಕಾ!" ಎಂದ ಬ್ಯಾರಿಗಳ ಕಣ್ಣೂ ಒದ್ದೆಯಾಗಿತ್ತು. "ಹೋಗಲಿ, ಗಡ್ಡ ಹೋಗಿ ಜೀವ ಉಳಿಯಿತು."

ಗಂಟು ಕಟ್ಟುವಾಗ ಒಂದನ್ನು ಹಲಗೆಯ ಮೇಲೆಯೇ ಬಿಟ್ಟರು. "ಇವಳು ಇಲ್ಲಿಯೇ ಇರಲಿ. ನನ್ನ ಮನೆಯಲ್ಲಿ ಇವಳಿಗೆ ಕುಂಕುಮ ಇಡುವವರು ಯಾರು?"

ಆ ಹಲಗೆ, ಆ ಗಂಜಿಯ ಹಬೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಅಕ್ಕನ ಒಲೆ ಆರದಿರಲಿ. ರೋಹಿದಾಸರ ಆಯುಷ್ಯ ಬೆಳೆಯಲಿ. ತೆನೆ ಹಿಡಿದ ಆ ತಾಯಿ, ಯಾವ ನಾಡಿನವಳಾದರೂ ಸರಿ, ಆ ಮನೆಯ ಮಕ್ಕಳುಮರಿಗಳನ್ನು ತಣ್ಣಗೆ ಇಟ್ಟಿರಲಿ.