ಹಾಲಮ್ಮನ ಸಂಜೆಯ ಕರೆ

ಕಡೂರು ಬಸ್ ಸ್ಟ್ಯಾಂಡಿನ ಪಕ್ಕ ನನ್ನ ಟೈಲರ್ ಅಂಗಡಿ. ಗೋಡೆಯಾಚೆ ಮುಬಶೀರನ ಮೊಬೈಲ್ ರಿಪೇರಿ ಅಂಗಡಿ. ಬಾಯಿ ಬೊಂಬಾಯಿ ಅವನದು. ಅಂಥವನೂ ಸಂಜೆಯಾದರೆ ಮಾತು ಮರೆಯುವಂತಾಯಿತು.

ಎಲ್ಲ ಶುರುವಾದದ್ದು ಸಿಂಗಟಗೆರೆಯ ಹಾಲಮ್ಮ ತಂದ ಫೋನಿನಿಂದ. ಅದು ಜ್ವರ ಬಂದು ತೀರಿಹೋದ ಅವಳ ಮಗಳು ಭುವನಾಳದ್ದು. ತಾಯಿ ಪದೇಪದೇ ಫೋನ್ ಮಾಡುತ್ತಾಳೆಂದು ಆ ಹುಡುಗಿ ಕೀಟಲೆಗೆ, ಅವ್ವನ ಕರೆಗೆ ಮಾತ್ರ ತನ್ನದೇ ದನಿಯನ್ನು ರಿಂಗ್‌ಟೋನ್ ಮಾಡಿಟ್ಟಿದ್ದಳು: "ಬಂದೆ ಕಣವ್ವಾ, ಬಂದೆ!"

ಮಗಳು ಹೋದಮೇಲೆ ಹಾಲಮ್ಮ ಆ ಫೋನನ್ನು ಫೋಟೋದ ಮುಂದೆ, ದೀಪದ ಪಕ್ಕ ಇಟ್ಟಳು. ದೀಪದ ಹಾಗೆ ಅದೂ ಆರಬಾರದೆಂದು ಚಾರ್ಜರ್ ಕೀಳಲೇ ಇಲ್ಲ. ದಿನಾ ಮುಸ್ಸಂಜೆ ತನ್ನ ಫೋನಿನಿಂದ ಕರೆದು ಮಗಳ ದನಿ ಕೇಳುತ್ತಿದ್ದಳು. ಅತಿಯಾದರೆ ಅಮೃತವೂ ವಿಷ. ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಫೋನ್ ನಿಂತುಹೋಯಿತು.

ಮುಬಶೀರ್ ಹೊಸ ಬ್ಯಾಟರಿ ಹಾಕಿದ. ರಿಂಗ್ ಆಗುವಷ್ಟರಲ್ಲೇ ವೋಲ್ಟೇಜ್ ಬಿದ್ದು ಆಫ್.

"ಒಳಗೆ ಕರೆಂಟು ಹಂಚೋ ಚಿಪ್ಪು, ಪವರ್ ಐಸಿ, ಹಾಳಾಗೈತೆ ಹಾಲಮ್ಮೋರೇ. ಅದನ್ನ ಕೀಳಕ್ಕೆ ಹೋದ್ರೆ ಬೋರ್ಡೇ ಸುಟ್ಟೋಗ್ಬೋದು. ಬ್ಯಾಟರಿ ಬದ್ಲು ಈ ನನ್ ಪವರ್ ಮೆಷಿನ್ನಿಂದ ಒಂದೇ ಸಮ ನಾಕು ವೋಲ್ಟ್ ಕೊಡ್ತಿದ್ರೆ ಮಾತ್ರ ನಡೀತದೆ. ಆ ದನೀನ ನಿಮ್ ಫೋನ್‌ಗೆ ಹಾಕ್ಕೊಡ್ತೀನಿ, ಬೇಕಾದಾಗ ಒತ್ತಿ ಕೇಳಿ."

"ಒತ್ತಿದ್ರೆ ಫೋನ್ ಮಾತಾಡ್ತದೆ ಕಣಪ್ಪಾ. ಕರೆದ್ರೆ ಅವಳು ಓಗೊಡ್ತಾಳೆ. ನಿನ್ ಮೆಷಿನ್ನಲ್ಲೇ ಇರ್ಲಿ. ಊರಿಂದ ಕರೀತೀನಿ. ನಂಗೆ ಕೇಳ್ದಿದ್ರೂ ಪರ್ವಾಗಿಲ್ಲ, ಅವಳು ಬಂದೆ ಅಂದ್ರೆ ಸಾಕು."

ಹಾಗೆ ಆ ಫೋನ್ ಮೆಷಿನ್ನಿನ ವೈರಿಗೆ ಅಂಟಿಕೊಂಡು ಅಂಗಡಿಯಲ್ಲೇ ಉಳಿಯಿತು. ಮುಸ್ಸಂಜೆಗೆ ಸಿಂಗಟಗೆರೆಯಿಂದ ಕರೆ. ಇಲ್ಲಿ ಸತ್ತ ಹುಡುಗಿಯ ನಗುವ ದನಿ. ಗೋಡೆಯ ಈಚೆ ಕೂತ ನನಗೂ ಹೆದರಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ? "ಲೇ, ಯಾಕೋ ನಿಂಗೆ ಈ ಪೀಡೆ? ವಾಪಸ್ ಕೊಟ್ ಕಳ್ಸು" ಎಂದು ಬೈದೆ.

"ಆಫ್ ಮಾಡಕ್ಕೆ ಕೈ ಬರಲ್ಲ ಕಣಣ್ಣಾ" ಎಂದ. ಕರೆಂಟು ಹೋದರೂ ಮೆಷಿನ್ ಆರದಿರಲೆಂದು ಇನ್ವರ್ಟರ್ ಬೇರೆ ತಂದಿಟ್ಟ.

ಒಂದು ಮಧ್ಯಾಹ್ನ ಐಸಿ ಸುಟ್ಟೇಹೋಯಿತು. ಮುಬಶೀರ್ ಏನೆಲ್ಲ ಮಾಡಿದರೂ ಫೋನ್ ಏಳಲಿಲ್ಲ. ಆ ಸಂಜೆ "ಬಂದೆ ಕಣವ್ವಾ" ಕೇಳಿಸಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಹಾಲಮ್ಮ ಬಂದಳು. "ನೆನ್ನೆ ಕರೆದ್ರೆ ಸ್ವಿಚ್ ಆಫ್ ಅಂತು ಕಣಪ್ಪಾ. ಅದಕ್ ಮುಂಚೆ ಅವಳೇನಾದ್ರೂ ಅಂದ್ಲಾ?"

ಆ ಮುಖ ನೋಡಿ ಮುಬಶೀರನಿಗೆ ನಿಜ ಹೇಳಲಾಗಲಿಲ್ಲ. "ಬಂದೆ ಅಂದ್ಲು ಕಣಮ್ಮಾ. ಆಮೇಲೇ ಆಫ್ ಆಗಿದ್ದು."

"ಹಂಗಾದ್ರೆ ಹೊರಟವ್ಳೆ" ಎಂದಳು ಹಾಲಮ್ಮ. ಸೆರಗು ಸರಿಮಾಡಿಕೊಂಡು, ಬಸ್ಸುಗಳ ಕಡೆ ಮುಖ ಮಾಡಿ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಅಂಗಡಿಯ ಮೆಟ್ಟಿಲ ಮೇಲೆ ಕೂತಳು.